ಮಣ್ಣಿನ ಗೋಡೆ: ತಡೆಯಲ್ಲ, ತಡ

ಮಣ್ಣಿನ ಮನೆ ತಂಪು ಎಂಬುದು ಅರ್ಧ ಸತ್ಯ. ಮಣ್ಣು ಬಿಸಿಯನ್ನು ತಡೆಯುವುದಿಲ್ಲ, ತಡ ಮಾಡುತ್ತದೆ. ಒಂದಡಿ ದಪ್ಪದ ಗೋಡೆಗೆ ಮಧ್ಯಾಹ್ನ ಬಡಿದ ಬಿಸಿಲು ಒಳಮೈಗೆ ಮುಟ್ಟುವಾಗ ಸುಮಾರು ಎಂಟು–ಹತ್ತು ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಹೊರಗೆ ತಂಗಾಳಿ, ಕಿಟಕಿ ತೆರೆದರಾಯಿತು. ಹಗಲು ಕಾದು ರಾತ್ರಿ ತಣಿಯುವ ಬಯಲುಸೀಮೆಗೆ ಇದು ಹೇಳಿಮಾಡಿಸಿದ್ದು. ರಾತ್ರಿಯೂ ಬೆವರಿಳಿಯುವ ಕರಾವಳಿಯಲ್ಲಿ ಅಷ್ಟು ಪ್ರಯೋಜನ ಕಾಣದು.

ನಿಜವಾಗಿ ಬಿಸಿ ತಡೆಯುವುದು ಅಲುಗಾಡದೆ ನಿಂತ ಗಾಳಿ. ಕೆನಡಾದಂಥ ಚಳಿದೇಶಗಳಲ್ಲಿ ದಮ್ಮಸ್ಸು ಮಾಡಿದ ಎರಡು ಮಣ್ಣಿನ ಪದರಗಳ ನಡುವೆ ಫೋಮ್ ಹಲಗೆ ಕೂರಿಸುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ಸಂಜೆ ಬಿಸಿಲು ತಿನ್ನುವ ಪಡುವಣ ಗೋಡೆಯೊಂದನ್ನು ಎರಡು ಪದರವಾಗಿ ಎಬ್ಬಿಸಿ, ನಡುವೆ ಎರಡಿಂಚು ಸಂದು ಬಿಟ್ಟು, ಅಲ್ಲಲ್ಲಿ ಕಂಬಿಯಿಂದ ಬಿಗಿದರೆ ಸಾಕು.

ಇನ್ನು ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಹದಗೊಳಿಸಿದ ವಿಧಾನ ಸರಳ: ಕೆಮ್ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವುದು. ಗೂಡಿಲ್ಲ, ಸೌದೆಯಿಲ್ಲ. ಪಾಯ ತೆಗೆದ ಮಣ್ಣೇ ಆಗುತ್ತದೆ, ಆದರೆ ಬೇರು–ಗೊಬ್ಬರ ಸೇರಿದ ಮೇಲ್ಮಣ್ಣು ಬೇಡ.

ಮಣ್ಣನ್ನು ಮೊದಲು ಗಾಜಿನ ಜಾಡಿಯಲ್ಲಿ ನೋಡಿ. ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ಜೇಡಿ ಇಳಿಯಲು ಇಡೀ ದಿನ ಬೇಕು. ಜೇಡಿಯ ಪದರ ದಪ್ಪಗಿದ್ದರೆ ಕಲ್ಲುಪುಡಿ ಬೆರೆಸಬೇಕು. ಎರೆಮಣ್ಣಾದರೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟೊಂದೇ ಸಾಲದು, ಸುಣ್ಣವೂ ಬೇಕು. ಕಲಸಿದ ಮೇಲೆ ಒಂದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ.

ಒತ್ತಿದ ಇಟ್ಟಿಗೆಯನ್ನು ಗೋಣಿತಾಟು ಹೊದಿಸಿ ಮೂರು ವಾರ ತೇವವಾಗಿಡಬೇಕು. ಜನ ಅವಸರ ಪಡುವುದು ಇಲ್ಲೇ. ವಾರಕ್ಕೇ ಗೋಡೆಗೇರಿಸಿದ ಇಟ್ಟಿಗೆಯ ಮೂಲೆ ಉಗುರಿಗೇ ಉದುರುತ್ತದೆ.

ಕಟ್ಟಿದ ಮೇಲೆ ಮಣ್ಣಿಗೆ ಶತ್ರು ನೀರೊಂದೇ. ನೆಲದಿಂದ ಒಂದೂವರೆ ಅಡಿ ಕಲ್ಲುಕಟ್ಟಡ, ಮೇಲೆ ಎರಡಡಿ ಸೂರು. ಇಷ್ಟಿದ್ದರೆ ಹೊರಗೆ ಗಾರೆ ಇಲ್ಲದೆಯೂ ನಡೆಯುತ್ತದೆ.

ಒಂದಂತಸ್ತಿನ ಮನೆಗೆ ಹೆಚ್ಚಿನ ಬಿಸಿ ಇಳಿಯುವುದು ಮಾತ್ರ ತಲೆಯ ಮೇಲಿಂದ. ಮೇಲೆ ಬರಿಯ ಆರ್‌ಸಿಸಿ ಹಾಕುವುದಾದರೆ ಈ ಗೋಡೆಯ ಗೋಜೇ ಬೇಡ. ದುಡ್ಡನ್ನು ಮೊದಲು ಚಾವಣಿಗೆ ಎತ್ತಿಡಿ.