ಮೂರು ಕಪ್ಪು-ಬಿಳುಪು ಚಿತ್ರಗಳಿಂದ ಒಂದು ಬಣ್ಣದ ಚಿತ್ರ

ಛಾಯಾಚಿತ್ರದ ಫಲಕಕ್ಕೆ ಬಳಿದಿರುವ ಬೆಳ್ಳಿಯ ಲವಣಕ್ಕೆ ಬೆಳಕು ಹೆಚ್ಚೋ ಕಡಮೆಯೋ ಎಂಬುದಷ್ಟೇ ಗೊತ್ತು. ಅದು ಯಾವ ಬಣ್ಣದ್ದೆಂಬುದನ್ನು ಅದು ಹೇಳಲಾರದು. ಇಂತಹ ಫಲಕದಿಂದಲೇ ಬಣ್ಣದ ಚಿತ್ರವನ್ನು ಪಡೆಯಬಹುದೆಂದರೆ ನಮಗೆ ಮೊದಲು ನಂಬಿಕೆ ಹುಟ್ಟದು.

ಇದರ ಕೀಲಿ ನಮ್ಮ ಕಣ್ಣಿನಲ್ಲಿಯೇ ಇದೆ. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ತಕ್ಕ ಪ್ರಮಾಣದಲ್ಲಿ ಬೆರಸಿದರೆ ಬಹುಮಟ್ಟಿಗೆ ಎಲ್ಲ ಬಣ್ಣಗಳೂ ನಮಗೆ ತೋರುವುವು. ಆದುದರಿಂದ ಒಂದೇ ನೋಟವನ್ನು ಈ ಮೂರು ಬಣ್ಣದ ಶೋಧಕಗಳ ಮೂಲಕ ಬೇರೆಬೇರೆಯಾಗಿ ಕಪ್ಪು-ಬಿಳುಪಿನಲ್ಲಿ ಹಿಡಿದು, ಆ ಚಿತ್ರಗಳನ್ನು ಅವವೇ ಬಣ್ಣದ ಬೆಳಕಿನಿಂದ ತೆರೆಯ ಮೇಲೆ ಒಂದರ ಮೇಲೊಂದು ಬೀಳಿಸಿದರೆ ಆಯಿತು. 1861ರಲ್ಲಿ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಪಟ್ಟೆಪಟ್ಟೆಯ ರಿಬ್ಬನ್ನೊಂದನ್ನು ಹೀಗೆ ತೋರಿಸಿದನು. ವಿಚಿತ್ರವೆಂದರೆ, ಅಂದಿನ ಫಲಕಗಳಿಗೆ ಕೆಂಪು ಬೆಳಕು ನಾಟುತ್ತಲೇ ಇರಲಿಲ್ಲ. ನ್ಯಾಯವಾಗಿ ಪ್ರಯೋಗವು ಸೋಲಬೇಕಾಗಿತ್ತು! ರಿಬ್ಬನ್ನಿನ ಕೆಂಪು ಭಾಗವು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನೂ ಹೊರಚೆಲ್ಲುತ್ತಿತ್ತು. ಅವು ಕೆಂಪು ಶೋಧಕವನ್ನು ದಾಟಿ ಫಲಕವನ್ನು ಮುಟ್ಟಿದುವು. ಈ ಗುಟ್ಟು ಹೊರಬಿದ್ದದ್ದು ಸುಮಾರು ನೂರು ವರ್ಷಗಳ ಅನಂತರ.

ಮುಂದೆ ಫಲಕಕ್ಕೆ ತಕ್ಕ ಬಣ್ಣಗಳನ್ನು ಬೆರಸಿ ಅದು ಕೆಂಪನ್ನೂ ಗ್ರಹಿಸುವಂತೆ ಮಾಡಿದರು. ರಷ್ಯದ ಪ್ರೊಕುಡಿನ್-ಗೋರ್ಸ್ಕಿಯು 1909ರಿಂದ 1915ರ ವರೆಗೆ, ಕತ್ತಲೆಕೋಣೆಯುಳ್ಳ ರೈಲುಗಾಡಿಯಲ್ಲಿ ಸಂಚರಿಸುತ್ತ ತನ್ನ ದೇಶದ ನದಿ, ಮಠ, ರೈತರನ್ನೆಲ್ಲ ಬಣ್ಣದಲ್ಲಿ ಹಿಡಿದನು. ಉದ್ದನೆಯ ಒಂದೇ ಗಾಜಿನ ಫಲಕವು ಮಸೂರದ ಹಿಂದೆ ಸರಿಯುತ್ತ ಮೂರು ಚಿತ್ರಗಳನ್ನು ಒಂದಾದ ಮೇಲೊಂದರಂತೆ ಪಡೆಯುತ್ತಿತ್ತು. ಮೂರಕ್ಕೂ ನಡುವೆ ಕೆಲವು ಕ್ಷಣಗಳ ಅಂತರ, ಕುಳಿತವರು ಅಲುಗುವಂತಿರಲಿಲ್ಲ. ಮನುಷ್ಯರಿಗೆ ಹೇಳಬಹುದು, ಹೊಳೆಗೆ ಹೇಳುವುದೆಂತು? ಆ ಚಿತ್ರಗಳಲ್ಲಿ ಬಂಡೆ, ಮರಗಳು ನಿಜಬಣ್ಣದಲ್ಲಿದ್ದರೆ, ಹರಿಯುವ ನೀರಿನ ಮೇಲೆ ಮಾತ್ರ ಕೆಂಪು, ಹಸಿರು, ನೀಲಿಯ ಚೂರುಗಳು ಚೆದರಿಕೊಂಡಿವೆ. ಮೂರು ಕ್ಷಣಗಳ ನೀರು ಒಂದೇ ಚಿತ್ರದಲ್ಲಿ ಸೇರಿರುವುದನ್ನು ನಾವು ಅಲ್ಲಿ ಕಾಣುತ್ತೇವೆ.

ಈ ತೊಡಕನ್ನು ನೀಗಲು, ಮಸೂರದ ಹಿಂದೆ ಅರೆಪಾರಕ ಕನ್ನಡಿಗಳನ್ನಿಟ್ಟು ಬೆಳಕನ್ನು ಮೂರು ಕವಲಾಗಿ ಒಡೆದು, ಮೂರು ಫಲಕಗಳಿಗೆ ಏಕಕಾಲದಲ್ಲಿ ಕಳುಹಿಸುವ ಕ್ಯಾಮೆರಾಗಳು ಬಂದುವು. ಹಂಚಿಹೋದ ಬೆಳಕು ಸಾಲದು ಎಂಬುದೇ ಇವುಗಳ ಬಡತನ. 1932ರಲ್ಲಿ ಬಳಕೆಗೆ ಬಂದ ಟೆಕ್ನಿಕಲರ್ ಚಲನಚಿತ್ರದ ಕ್ಯಾಮೆರಾದಲ್ಲಿಯೂ ಇದೇ ಕಥೆ. ಅದರಲ್ಲಿ ಕನ್ನಡಿಗೆ ಬದಲು ಅಶ್ರಗವಿತ್ತು. ಒಂದು ಕವಲು ಹಸಿರಿನ ಫಿಲ್ಮಿಗೆ, ಮತ್ತೊಂದು ಕವಲು ಒತ್ತಾಗಿ ಜೋಡಿಸಿದ ಎರಡು ಫಿಲ್ಮುಗಳಿಗೆ. ಮುಂದಿನದು ನೀಲಿಯನ್ನು ಹಿಡಿದರೆ, ಅದನ್ನು ಹಾಯ್ದು ಬಂದ ಕೆಂಪನ್ನು ಹಿಂದಿನದು ಹಿಡಿಯುತ್ತಿತ್ತು. ಇಷ್ಟಕ್ಕೆ ಸಾಲುವಷ್ಟು ಬೆಳಕಿಗಾಗಿ ಉರಿಸಿದ ದೀಪಗಳ ಝಳದಲ್ಲಿ ನಟರು ಬೇಯಬೇಕಾಗುತ್ತಿತ್ತು.