‘ಅಡ್ಜಸ್ಟ್ ಮಾಡಿ ಕೂರಿಸ್ತೀನಿ ಮೇಡಂ’ ಅಂದ್ರೆ ಹುಷಾರು!

ಹೊಸ ಕಾರು ಬಂದ ಮೇಲೂ ಹಳೆ ಮಾರುತಿಯನ್ನೋ ಸ್ಯಾಂಟ್ರೋವನ್ನೋ ಮಾರಲು ಮನಸ್ಸು ಬಾರದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಜಮಾನರು ಹೊಸ ಕಾರು ಹತ್ತಿ ಆಫೀಸಿಗೆ ಹೊರಟರೆ ಹಳೆಯದು ನಮ್ಮ ಪಾಲಿಗೆ. ಮಕ್ಕಳ ಟ್ಯೂಷನ್, ತರಕಾರಿ, ಅತ್ತೆಯವರ ಬಿ.ಪಿ. ಚೆಕಪ್ ಎಲ್ಲಕ್ಕೂ ಅದೇ ಗತಿ. ಹೀಗಾಗಿ ಅದು ಕೆಟ್ಟು ನಿಂತಾಗ ಗ್ಯಾರೇಜಿನ ಬಾಗಿಲಿಗೆ ಹೋಗೋದೂ ನಾವೇ.

ಅಲ್ಲಿ ಸಾಮಾನ್ಯವಾಗಿ ಕೇಳಿಬರೋ ಮಾತು ಒಂದೇ. “ಕಂಪೆನಿ ಪಾರ್ಟು ಬರೋದು ನಿಂತು ಹೋಗಿದೆ ಮೇಡಂ. ಲೋಕಲ್ ಹಾಕ್ತೀನಿ, ಸ್ವಲ್ಪ ಅಡ್ಜಸ್ಟ್ ಮಾಡಿದ್ರೆ ಕೂತ್ಕೊಳತ್ತೆ.” ನಾವು ತಲೆಯಾಡಿಸಿ ಬರ್ತೀವಿ. ಆದರೆ ಈ ‘ಸ್ವಲ್ಪ ಅಡ್ಜಸ್ಟ್’ ಎಲ್ಲಾ ಕಡೆ ಒಂದೇ ಅಲ್ಲ. ಬಂಪರಿನಲ್ಲಿ ಮಾಡಿದರೆ ಅಂದ ಕೆಡಬಹುದು ಅಷ್ಟೇ. ಬ್ರೇಕಿನಲ್ಲಿ ಮಾಡಿದರೆ ಕಾರಿನೊಳಗೆ ಕೂತಿರೋ ಮಕ್ಕಳ ಜೀವದ ಪ್ರಶ್ನೆ. ಎಲ್ಲಿ ಒಪ್ಪಬೇಕು, ಎಲ್ಲಿ ಬೇಡ ಅನ್ನಬೇಕು ಅನ್ನೋದನ್ನ ತಿಳ್ಕೊಳ್ಳೋಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಮೂರು ಥರದ ಪಾರ್ಟು

ಅಂಗಡಿಯಲ್ಲಿ ಸಿಗೋ ಬಿಡಿಭಾಗಗಳಲ್ಲಿ ಮೂರು ಥರ. ಮೊದಲನೆಯದು ಕಾರು ಕಂಪೆನಿಯೇ ತನ್ನ ಹೆಸರಿನಲ್ಲಿ, ಪಾರ್ಟ್ ನಂಬರ್ ಮತ್ತು ಎಂ.ಆರ್.ಪಿ. ಹಾಕಿ ಮಾರೋ ‘ಜೆನ್ಯೂನ್’ ಪಾರ್ಟು.

ಎರಡನೆಯದು ಬೇರೆ ತಯಾರಕರದ್ದು. ಕಾರು ಕಂಪೆನಿಗಳು ಎಲ್ಲವನ್ನೂ ತಾವೇ ಮಾಡಲ್ಲ. ದೀಪ, ಬ್ರೇಕು, ಪ್ಲಗ್ಗು ಇವನ್ನೆಲ್ಲ ಮಾಡಿಕೊಡೋರೇ ಬೇರೆ. ಅವರು ಅದನ್ನೇ ತಮ್ಮ ಹೆಸರಲ್ಲೂ ಅಂಗಡಿಗೆ ಬಿಡ್ತಾರೆ. 1951ರಲ್ಲಿ ಶುರುವಾದ, ಆಡುಗೋಡಿಯ ನಮ್ಮ ‘ಮೈಕೋ’ ಗೊತ್ತಲ್ಲ? 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಅಂತ ಆಯ್ತು. ಆ ಥರದವರು. ಇಂಥ ಪಾರ್ಟು ಕಂಪೆನಿಯದಕ್ಕಿಂತ ಸ್ವಲ್ಪ ಅಗ್ಗ, ಗುಣದಲ್ಲಿ ಕಡಿಮೆ ಇಲ್ಲ.

ಮೂರನೆಯದು ಲೋಕಲ್. ಅದರಲ್ಲೂ ಎರಡು ಬಗೆ. ತನ್ನದೇ ಹೆಸರು ಹಾಕ್ಕೊಂಡು ಪ್ರಾಮಾಣಿಕವಾಗಿ ಅಗ್ಗಕ್ಕೆ ಮಾರೋದು ಒಂದು. ದೊಡ್ಡ ಕಂಪೆನಿಯ ಡಬ್ಬಿಯನ್ನೇ ನಕಲು ಮಾಡಿ ಒಳಗೆ ಕಳಪೆ ಮಾಲು ತುಂಬೋದು ಇನ್ನೊಂದು. ಎರಡನೆಯದು ಶುದ್ಧ ಮೋಸ.

ಯಾಕೆ ಸರಿಯಾಗಿ ಕೂರಲ್ಲ?

ಕುಕ್ಕರ್ ಗ್ಯಾಸ್ಕೆಟ್ ತರೋಕೆ ಹೋದಾಗ ನಾವು ಏನ್ ಮಾಡ್ತೀವಿ? ಲೀಟರ್ ಎಷ್ಟು ಅಂತ ಮಾತ್ರ ಹೇಳಿದ್ರೆ ಸಾಲದು, ಯಾವ ಕಂಪೆನಿ, ಮುಚ್ಚಳ ಒಳಗೆ ಕೂರೋದಾ ಹೊರಗೆ ಕೂರೋದಾ ಅಂತಲೂ ಹೇಳ್ತೀವಿ. ಐದು ಲೀಟರಿನದ್ದೇ ಆದರೂ ಹಾಕಿನ್ಸ್‌ನದ್ದು ಪ್ರೆಸ್ಟೀಜ್‌ಗೆ ಆಗಲ್ಲ. ಕಾರಿನದ್ದೂ ಇದೇ ಕಥೆ.

ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. 1986ರಲ್ಲಿ ಅದರ ಬಾಡಿಯೇ ಬದಲಾಯ್ತು. ಆಮೇಲೂ ದೀಪ, ಬಂಪರು, ಎಂಜಿನ್ನು ಅಂತ ಬದಲಾಗುತ್ತಾ 2014ರಲ್ಲಿ ತಯಾರಿಕೆ ನಿಂತಿತು. ಅಷ್ಟೂ ವರ್ಷ ಹೆಸರು ಮಾತ್ರ ಒಂದೇ! 1993ರಲ್ಲಿ ಬಂದ ಝೆನ್ ಕೂಡ 2003ರಲ್ಲಿ ಮುಖ ಬದಲಾಯಿಸಿಕೊಳ್ತು. ‘ಝೆನ್ ಹೆಡ್‌ಲೈಟ್ ಕೊಡಿ’ ಅಂದ್ರೆ ಯಾವ ಝೆನ್? ಆದ್ದರಿಂದ ಅಂಗಡಿಗೆ ಹೋಗೋವಾಗ ಆರ್‌.ಸಿ.ಯ ಫೋಟೋ ಮೊಬೈಲಿನಲ್ಲಿ ಇರಲಿ. ಕಾರು ತಯಾರಾದ ತಿಂಗಳು, ವರ್ಷ, ಚಾಸಿಸ್ ನಂಬರ್ ಅದರಲ್ಲಿರತ್ತೆ. ನೋಂದಣಿಯಾದ ವರ್ಷ ಬೇರೆ, ತಯಾರಾದ ವರ್ಷ ಬೇರೆ ಇರಬಹುದು. ಬೇಕಾಗಿರೋದು ತಯಾರಾದ ವರ್ಷ.

ಮಾಡೆಲ್ ಸರಿಯಾಗಿದ್ದರೂ ಕೆಲವೊಮ್ಮೆ ಲೋಕಲ್ ಪಾರ್ಟು ಕೂರಲ್ಲ. ಕಾರಣ ನಮಗೆ ಚೆನ್ನಾಗಿ ಗೊತ್ತಿರೋದೇ. ಟೈಲರ್‌ಗೆ ಅಳತೆಗೆ ಅಂತ ಹಳೆ ರವಿಕೆ ಕೊಡ್ತೀವಲ್ಲ, ಅದು ಒಗೆದು ಒಗೆದು ಕುಗ್ಗಿದ್ರೆ? ಹೊಸದೂ ಬಿಗಿಯಾಗೇ ಬರತ್ತೆ. ಕಾರು ಕಂಪೆನಿಯ ಹತ್ತಿರ ಮೂಲ ನಕ್ಷೆ, ಮೂಲ ಅಚ್ಚು ಇರತ್ತೆ. ನಕಲು ಮಾಡೋರು ಯಾವುದೋ ಕಾರಿನಿಂದ ಬಿಚ್ಚಿದ ಪಾರ್ಟನ್ನೇ ಅಳತೆಗೆ ಇಟ್ಕೊಂಡು ಅಚ್ಚು ಮಾಡ್ತಾರೆ. ಅದು ಬಿಸಿಲಿಗೆ ಬಾಗಿದ್ದರೆ ಅಚ್ಚೂ ಬಾಗಿರತ್ತೆ. ಜೊತೆಗೆ, ಅಚ್ಚಿನಿಂದ ತೆಗೆದ ಪ್ಲಾಸ್ಟಿಕ್ ತಣ್ಣಗಾಗುವಾಗ ಕುಗ್ಗತ್ತೆ. ಯಾವ ಪ್ಲಾಸ್ಟಿಕ್ ಅನ್ನೋದರ ಮೇಲೆ ಕುಗ್ಗೋ ಪ್ರಮಾಣವೂ ಬೇರೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಸ್ಕ್ರೂ ತೂತಿಗೆ ತೂತು ಸೇರಲ್ಲ. ಬಾಗಿಲ ಬೀಡಿಂಗ್ ರಬ್ಬರಿನದ್ದೂ ಅಷ್ಟೇ. ದಪ್ಪ ಜಾಸ್ತಿಯಾದರೆ ಬಾಗಿಲು ಹಾಕಲು ಎರಡು ಸಲ ಬಡೀಬೇಕು, ಕಡಿಮೆಯಾದರೆ ಮಳೆಗಾಲದಲ್ಲಿ ಕಾಲಡಿ ನೀರು.

ಹಾಗಂತ ಪ್ರತಿ ಸಲ ಪಾರ್ಟನ್ನೇ ಬೈಯೋದೂ ಸರಿಯಲ್ಲ. ಇಪ್ಪತ್ತು ವರ್ಷದ ಕಾರಿನ ಬಾಗಿಲ ಕೀಲು ಜೋತಿರತ್ತೆ. ಎಂದೋ ಗುದ್ದಿಸಿಕೊಂಡು ಟಿಂಕರಿಂಗ್ ಮಾಡಿದ ಕಡೆ ಒಳಗಿನ ತಗಡು ಸೊಟ್ಟಗಿರತ್ತೆ. ಅಂಥ ಕಡೆ ಕಂಪೆನಿ ಪಾರ್ಟೂ ನೆಟ್ಟಗೆ ಕೂರಲ್ಲ. ಆ ಪಾರ್ಟನ್ನ ಅದೇ ಮಾಡೆಲಿನ ಇನ್ನೊಂದು ಕಾರಿಗೆ ಹಿಡಿದು ನೋಡಿದರೆ ತಪ್ಪು ಯಾರದ್ದು ಅಂತ ತಿಳಿಯತ್ತೆ.

ಸ್ಪೋರ್ಟ್ಸ್ ಕಾರಿನವರದ್ದೂ ಇದೇ ಗೋಳು

ಇದು ನಮ್ಮಂಥ ಸಣ್ಣ ಕಾರಿನವರ ಪಾಡು ಮಾತ್ರ ಅಂದ್ಕೋಬೇಡಿ. ವಿದೇಶಗಳಲ್ಲಿ ಹಳೆ ಸ್ಪೋರ್ಟ್ಸ್ ಕಾರುಗಳನ್ನ ಮಕ್ಕಳ ಥರ ಸಾಕೋರಿದ್ದಾರೆ. ಅವರ ದೊಡ್ಡ ತಲೆನೋವೂ ಇದೇ. ಇಂಗ್ಲೆಂಡಿನ ‘ಎಂ.ಜಿ.ಬಿ.’ ಅನ್ನೋ ಸ್ಪೋರ್ಟ್ಸ್ ಕಾರಿನ ತಯಾರಿಕೆ 1980ರಲ್ಲೇ ನಿಂತಿತ್ತು. ತುಕ್ಕು ಹಿಡಿದ ಕಾರುಗಳಿಗೆ ನಕಲಿ ತಗಡು ಸರಿಯಾಗಿ ಹೊಂದದೆ ಜನ ಒದ್ದಾಡ್ತಿದ್ರು. ಆಗ ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನೋ ಸಂಸ್ಥೆ ಹಳೆ ಕಾರ್ಖಾನೆಯ ಮೂಲ ಅಚ್ಚುಗಳನ್ನೇ ಹುಡುಕಿ ತೆಗೆದು, 1988ರಿಂದ ಆ ಕಾರಿನ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರೋಕೆ ಶುರು ಮಾಡ್ತು.

ಜಪಾನಿನ ಮಾಜ್ದಾ ಕಂಪೆನಿಯ ‘ಎಂ.ಎಕ್ಸ್-5’ ಅನ್ನೋ ಪುಟ್ಟ ತೆರೆದ ಕಾರು ಬಂದದ್ದು 1989ರಲ್ಲಿ. ಮೊದಲ ಮಾಡೆಲನ್ನ ಉಳಿಸಿಕೊಂಡವರಿಗಾಗಿ ಕಂಪೆನಿ 2017ರಲ್ಲಿ ರಿಪೇರಿ ಯೋಜನೆಯನ್ನೇ ಪ್ರಕಟಿಸಿ, ಬಟ್ಟೆಯ ಟಾಪು, ಮರದ ಸ್ಟಿಯರಿಂಗ್, ಟೈರು ಮುಂತಾದವನ್ನ ಮತ್ತೆ ಮಾಡಿಸ್ತು. ನಿಸ್ಸಾನ್ ಕೂಡ ಅದೇ ವರ್ಷ ತನ್ನ ಹಳೆ ಸ್ಕೈಲೈನ್ ಜಿ.ಟಿ.-ಆರ್‌ಗೆ ಬಿಡಿಭಾಗ ಕೊಡಲು ಶುರು ಮಾಡ್ತು. ಆ ಅಂದದ ಕಾರಿನವರಿಗೂ ಕೊನೆಗೆ ಬೇಕಾಗಿದ್ದು ಮೂಲ ಅಳತೆಯೇ.

ನಮ್ಮ ಸಣ್ಣ ಕಾರಿಗೆ ಅಂಥ ಭಾಗ್ಯ ಬರೋದು ಕಷ್ಟ. ಹಾಗಾಗಿ ಲೋಕಲ್ ಪಾರ್ಟಿನ ಜೊತೆ ಬಾಳೋದನ್ನ ಕಲೀಲೇಬೇಕು.

ಇಲ್ಲಿ ಅಡ್ಜಸ್ಟ್ ಬೇಡವೇ ಬೇಡ

ಬ್ರೇಕ್ ಪ್ಯಾಡ್: ಪ್ಯಾಡು ತನ್ನ ಜಾಗದಲ್ಲಿ ಕೈಯಿಂದಲೇ ಸರಿದಾಡುವಷ್ಟು ಸಲೀಸಾಗಿ ಕೂರಬೇಕು. ಅರದಿಂದ ಉಜ್ಜಿ, ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದು ಸಿಕ್ಕಿಕೊಂಡು ಚಕ್ರಕ್ಕೆ ಉಜ್ಜುತ್ತಲೇ ಇರತ್ತೆ. ಚಕ್ರ ಕಾಯತ್ತೆ, ಪ್ಯಾಡು ಒಂದೇ ಕಡೆ ಸವೆಯತ್ತೆ, ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯತ್ತೆ.

ಸ್ಟಿಯರಿಂಗ್, ಸಸ್ಪೆನ್ಷನ್: ಬಾಲ್ ಜಾಯಿಂಟ್, ಟೈರಾಡ್ ಎಂಡ್, ಲೋಯರ್ ಆರ್ಮ್ ಇವೆಲ್ಲ ಚಕ್ರವನ್ನ ಹಿಡಿದಿಟ್ಟುಕೊಳ್ಳೋ ಭಾಗಗಳು. ಸಡಿಲ ಇದೆ ಅಂತ ವಾಷರ್ ತುಂಬಿಸೋದು, ತೂತು ದೊಡ್ಡದು ಮಾಡೋದು ಯಾವುದಕ್ಕೂ ಒಪ್ಪಬೇಡಿ.

ಪೆಟ್ರೋಲ್ ಪೈಪು: ಸಿಕ್ಕಿದ ರಬ್ಬರ್ ಪೈಪನ್ನ ಕ್ಲಿಪ್ ಬಿಗಿದು ಹಾಕೋದು ಅಪಾಯ. ನೀರಿನ ಪೈಪಿನ ರಬ್ಬರು ಪೆಟ್ರೋಲಿಗೆ ಊದಿಕೊಂಡು ಮೆತ್ತಗಾಗತ್ತೆ. ಈಗಂತೂ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರತ್ತೆ. ಹಳೆ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಎಥನಾಲ್ ತಡೆಯೋ ಪೈಪನ್ನೇ ಕೇಳಿ ಹಾಕಿಸಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದ ದಿನ ಗಾಡಿ ಹೊರಗೆ ತೆಗೀಬೇಡಿ.

ಬಾನೆಟ್ ಲಾಕು: ಬೇರೆ ಬಾನೆಟ್ ಹಾಕಿಸಿದರೆ ಲಾಕು ಸರಿಯಾಗಿ ಕಚ್ಚತ್ತಾ ನೋಡಿ. ಒಳಗಿನ ಲಿವರ್ ಎಳೆದ ಮೇಲೂ ಬಾನೆಟ್ಟನ್ನ ಹಿಡಿದಿಡೋ ಎರಡನೇ ಕೊಕ್ಕೆ ಇರತ್ತೆ. ಅದು ಕೆಲಸ ಮಾಡದಿದ್ದರೆ, ವೇಗದಲ್ಲಿ ಹೋಗುವಾಗ ಬಾನೆಟ್ ಎದ್ದು ಗಾಜಿಗೆ ಬಡಿಯಬಹುದು.

ಈ ನಾಲ್ಕಕ್ಕೂ ಕಂಪೆನಿಯದ್ದು ಅಥವಾ ಹೆಸರಾಂತ ತಯಾರಕರದ್ದೇ ಇರಲಿ. ವಾರ ಕಾಯಬೇಕಾಗಿ ಬಂದರೆ ಕಾಯೋಣ, ಅಷ್ಟು ದಿನ ಆಟೋ ಇದೆ.

ಇಲ್ಲಿ ಪರವಾಗಿಲ್ಲ

ಬಂಪರು, ಗ್ರಿಲ್ಲು, ಬಾಗಿಲ ಹಿಡಿ, ಮಡ್ ಫ್ಲಾಪು, ಸೀಟ್ ಕವರು, ವೀಲ್ ಕ್ಯಾಪು ಇವುಗಳಲ್ಲಿ ಲೋಕಲ್ ಧಾರಾಳವಾಗಿ ಹಾಕಿಸಿ, ದುಡ್ಡು ಉಳಿಸಿ. ಹೆಡ್‌ಲೈಟ್ ಮಾತ್ರ ನಡುವಿನದು. ಹೊಂದಿದರೆ ಲೋಕಲ್ ಆದೀತು, ಹೊಂದದಿದ್ದರೆ ಬೇಡ.

ನಮ್ಮ ಅಪಾರ್ಟ್‌ಮೆಂಟಿನ ಗೆಳತಿಯೊಬ್ಬರ ಕಾರಿಗೆ ಹೀಗೇ ಆಯ್ತು. ಹೊಸ ಹೆಡ್‌ಲೈಟಿನ ಒಂದು ಕಿವಿ ತೂತಿಗೆ ಸೇರಲಿಲ್ಲ. ಗ್ಯಾರೇಜಿನ ಹುಡುಗ ಅದನ್ನ ಕತ್ತರಿಸಿ ಎಂ-ಸೀಲ್ ಮೆತ್ತಿ ಕೂರಿಸಿಬಿಟ್ಟ. ಹಗಲಿನಲ್ಲಿ ನೋಡಿದರೆ ಚೆನ್ನಾಗೇ ಇತ್ತು. ನಾಲ್ಕು ಹಂಪ್ ಹತ್ತಿ ಇಳಿಯುವಷ್ಟರಲ್ಲಿ ಸಡಿಲವಾಗಿ, ರಾತ್ರಿ ಬೆಳಕು ರಸ್ತೆ ಬಿಟ್ಟು ಮರದ ಮೇಲೆ! ಎದುರಿಗೆ ಬರೋ ಸ್ಕೂಟರಿನವರ ಕಣ್ಣಿಗೂ ಕುತ್ತು. ಕೊನೆಗೆ ಇನ್ನೊಂದು ಲೈಟು ಕೊಳ್ಳಬೇಕಾಯ್ತು. ಅಗ್ಗದ್ದು ಎರಡು ಸಲ ಕೊಂಡರೆ ದುಬಾರಿಯೇ ಅಲ್ವಾ?

ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ

* ಬೋಲ್ಟು ಮೊದಲ ಮೂರ್ನಾಲ್ಕು ಸುತ್ತು ಕೈಯಲ್ಲೇ ತಿರುಗಬೇಕು. ಶುರುವಿನಲ್ಲೇ ಸ್ಪ್ಯಾನರ್ ಬೇಕಾಯ್ತು ಅಂದ್ರೆ ತೂತು ಸೇರಿಲ್ಲ ಅಂತ ಅರ್ಥ. ಡಬ್ಬದ ಮುಚ್ಚಳ ಅಡ್ಡ ಕೂತ ಹಾಗೆ, ಬಲವಂತ ಮಾಡಿದರೆ ಮರೆಯೇ ಹೋಗತ್ತೆ.

* ಎಲ್ಲಾ ಬೋಲ್ಟನ್ನೂ ಸಡಿಲವಾಗಿ ಹಾಕಿ, ಕೊನೆಗೆ ಒಟ್ಟಿಗೆ ಬಿಗಿಯಲು ಹೇಳಿ. ಒಂದನ್ನೇ ಪೂರ್ತಿ ಬಿಗಿದರೆ ಉಳಿದವು ಸೇರಲ್ಲ.

* ಪೇಂಟ್ ಮಾಡಿಸೋ ಮುಂಚೆ ಬಂಪರ್, ಬಾನೆಟ್ ಒಮ್ಮೆ ಹಾಗೇ ಕೂರಿಸಿ ನೋಡಿ. ಬಣ್ಣ ಬಿದ್ದ ಮೇಲೆ ಯಾವ ಅಂಗಡಿಯವನೂ ವಾಪಸ್ ತಗೊಳ್ಳಲ್ಲ.

* ಸಂದಿ ನೋಡಿ. ಬಾನೆಟ್ಟಿನ ಎರಡೂ ಪಕ್ಕ, ಬಾಗಿಲಿನ ಮೇಲೆ ಕೆಳಗೆ ಒಂದೇ ಸಮ ಇರಬೇಕು. ಬೆರಳು ಆಡಿಸಿದರೆ ಹೆಚ್ಚು ಕಡಿಮೆ ತಿಳಿಯತ್ತೆ.

* ಬೀಡಿಂಗ್ ಪರೀಕ್ಷೆಗೆ ಪೇಪರಿನ ಒಂದು ಪಟ್ಟಿ ಸಾಕು. ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸರಕ್ಕನೆ ಜಾರಿದರೆ ಅಲ್ಲಿಂದ ನೀರು ಬರತ್ತೆ. ಬಾಗಿಲ ಸುತ್ತ ಐದಾರು ಕಡೆ ಹೀಗೆ ಮಾಡಿ.

* ಹೆಡ್‌ಲೈಟಿಗೆ ಕಾಂಪೌಂಡ್ ಗೋಡೆಯೇ ಪರೀಕ್ಷೆ. ಸಮತಟ್ಟಾದ ಕಡೆ ಗೋಡೆಗೆ ನೇರವಾಗಿ ಕಾರು ನಿಲ್ಲಿಸಿ ಲೈಟು ಹಾಕಿ. ಎರಡೂ ಬೆಳಕು ಒಂದೇ ಎತ್ತರಕ್ಕೆ ಬೀಳಬೇಕು.

* ಬ್ರೇಕ್ ಕೆಲಸ ಆದ ಮೇಲೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ! ಎಡ ಬಲ ಚಕ್ರಗಳಲ್ಲಿ ಒಂದು ಮಾತ್ರ ತುಂಬಾ ಕಾದಿದ್ದರೆ ವಾಪಸ್ ಗ್ಯಾರೇಜಿಗೆ.

ದುಡ್ಡು ಕೊಡೋ ಮುಂಚೆ

ಬೆಂಗಳೂರಿನಲ್ಲಿ ಬಿಡಿಭಾಗ ಅಂದ್ರೆ ಜೆ.ಸಿ. ರಸ್ತೆ. ಅಲ್ಲಿಗೇ ಹೋಗಿ ಅಥವಾ ಮೆಕ್ಯಾನಿಕ್ ಕೈಲೇ ತರಿಸಿ, ಬಿಲ್ ಮಾತ್ರ ಕೇಳಿ ತಗೊಳ್ಳಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್, ತಯಾರಕರ ಹೆಸರು ಬರೆಸಿ. ‘ಕೂರದಿದ್ದರೆ ವಾಪಸ್’ ಅನ್ನೋ ಮಾತನ್ನ ಮೊದಲೇ ಆಡಿಕೊಳ್ಳಿ. ಡಬ್ಬಿ ಬಿಸಾಡಬೇಡಿ.

ಬಿಚ್ಚಿದ ಹಳೆ ಪಾರ್ಟನ್ನ ಗುಜರಿಗೆ ಬಿಡದೆ ಮನೆಗೆ ತನ್ನಿ. ಹೊಸದರ ಪಕ್ಕ ಇಟ್ಟು ನೋಡೋಕೆ ಅದಕ್ಕಿಂತ ಒಳ್ಳೆ ಅಳತೆ ಇಲ್ಲ. ಬದಲಿಸಿದ್ದೇವೆ ಅಂತ ಸುಳ್ಳು ಬಿಲ್ ಮಾಡೋರಿಗೂ ಇದರಿಂದ ಕಡಿವಾಣ. ನಕಲಿ ಮಾಲು ಅಂತ ಖಾತ್ರಿಯಾಗಿ, ಅಂಗಡಿಯವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆಗ ಆ ಬಿಲ್ಲೇ ನಿಮ್ಮ ಬಲ.

ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸಲು ಆರ್‌.ಟಿ.ಓ.ದಲ್ಲಿ ಫಿಟ್‌ನೆಸ್ ಪರೀಕ್ಷೆ ಆಗಲೇಬೇಕು. ಬ್ರೇಕು, ದೀಪ ಅಲ್ಲೂ ನೋಡ್ತಾರೆ. ಮೆತ್ತಿದ್ದು, ಬಡಿದದ್ದು ಅಲ್ಲಿ ಬಯಲಾಗೋ ಬದಲು ಮೊದಲೇ ಸರಿಯಿದ್ದರೆ ಓಡಾಟ ತಪ್ಪತ್ತೆ.

ಇನ್ನೊಂದು ಮಾತು. ಒಳ್ಳೆ ಮೆಕ್ಯಾನಿಕ್‌ಗೆ ಪ್ರಶ್ನೆ ಕೇಳಿದರೆ ಬೇಜಾರಾಗಲ್ಲ. “ಇದು ಯಾವ ಕಂಪೆನಿದು? ಕೈಯಲ್ಲಿ ಕೂತಿತಾ, ಬಡೀಬೇಕಾಯ್ತಾ?” ಅಂತ ಒಮ್ಮೆ ಕೇಳಿ ನೋಡಿ. ಸಿಡುಕಿದರೆ ಗ್ಯಾರೇಜ್ ಬದಲಿಸೋ ಕಾಲ ಬಂತು ಅಂತ ತಿಳ್ಕೊಳ್ಳಿ. ನಗುತ್ತಾ ತೋರಿಸಿದರೆ ಆ ಮೆಕ್ಯಾನಿಕ್‌ನ ಬಿಡಬೇಡಿ. ಹಳೆ ಕಾರಿಗೆ ಅಂಥವರು ಸಿಗೋದೇ ಪುಣ್ಯ.