ಮಾವು, ಮೆಣಸು, ಮಂಜುಗಡ್ಡೆ

ಬೇಸಗೆಯ ತಾಪವನ್ನು ಶಮನಗೊಳಿಸಿಕೊಳ್ಳುವುದಕ್ಕಾಗಿ ಶೀತಲವಾದ ತಿನಿಸೊಂದನ್ನು ಬಯಸುವ ನಾಲಿಗೆಯು, ಆ ತಿನಿಸು ಕೈಗೆ ಬಂದೊಡನೆ ಅದರ ಮೇಲಿಷ್ಟು ಮೆಣಸಿನಪುಡಿ ಉದುರಬೇಕೆಂದು ಹಟ ಹಿಡಿದರೆ, ಅದನ್ನು ರುಚಿಯ ವಿಕಾರವೆಂದು ತಳ್ಳಿಹಾಕುವವರೇ ಹೆಚ್ಚು. ಐಸ್ ಕ್ಯಾಂಡಿಯೆಂದರೆ ಸಿಹಿ, ಮೆಣಸೆಂದರೆ ಸಾರು ಪಲ್ಯಗಳ ಸಾಮಗ್ರಿ. ಇವೆರಡನ್ನು ಒಂದೇ ಕಡ್ಡಿಗೆ ಏರಿಸುವುದು ಅಪಚಾರವೆಂದೇ ನಮ್ಮ ರೂಢಿ ನುಡಿಯುತ್ತದೆ. ಆದರೆ ಅದೇ ನಾವು ಗಿಣಿಮೂತಿ ಮಾವಿನಕಾಯಿಯನ್ನು ಸೀಳಿಸಿ, ಉಪ್ಪುಖಾರ ಸವರಿಸಿಕೊಂಡು, ತಳ್ಳುಗಾಡಿಯ ಮುಂದೆಯೇ ನಿಂತು ತಿನ್ನುವಾಗ, ಅಥವಾ ಸೀಬೆಹಣ್ಣಿನ ಹೋಳುಗಳಿಗೆ ಖಾರದಪುಡಿ ಚಿಮುಕಿಸಿ ಮಕ್ಕಳ ಕೈಗೆ ಕೊಡುವಾಗ, ಯಾವ ಶಾಸ್ತ್ರಕ್ಕೂ ಭಂಗ ಬಂದಂತೆ ಭಾವಿಸುವುದಿಲ್ಲ. ಹಣ್ಣಿಗೂ ಮೆಣಸಿಗೂ ಇರುವ ಸ್ನೇಹವು ಹಣ್ಣು ಹೆಪ್ಪುಗಟ್ಟಿದ ಮಾತ್ರಕ್ಕೆ ಮುರಿದುಬೀಳಬೇಕೇಕೆ? ಶೈತ್ಯದಲ್ಲಿಯೇ ಆ ಸ್ನೇಹದ ಅಗತ್ಯವು ಅಧಿಕವೆಂಬುದನ್ನು ಅನುಭವದಿಂದ ಬಲ್ಲವರು ಮೆಕ್ಸಿಕೋ ದೇಶದ ಜನ.

ಕಡ್ಡಿಯ ಮೇಲೆ ಹೆಪ್ಪುಗಟ್ಟಿಸಿದ ಹಣ್ಣಿನ ತಿನಿಸಿಗೆ ಅಲ್ಲಿ ಪಲೇತಾ ಎಂದು ಹೆಸರು. ನೀರಿನ ಪಲೇತಾ, ಹಾಲಿನ ಪಲೇತಾ ಎಂದು ಅದರಲ್ಲಿ ಎರಡು ಪ್ರಭೇದಗಳುಂಟು. ಮೊದಲನೆಯದು ಹಣ್ಣಿನ ತಿರುಳು, ಸಕ್ಕರೆ, ನೀರು, ನಿಂಬೆರಸಗಳಿಂದಾದದ್ದು, ಎರಡನೆಯದು ಹಾಲು ಕೆನೆಗಳಿಂದಾದದ್ದು. ಮೆಣಸಿನ ಸಹವಾಸ ಬಹುಮಟ್ಟಿಗೆ ಮೊದಲನೆಯದಕ್ಕೆ ಸಲ್ಲುತ್ತದೆ. ಮಾವು, ಅನಾನಸು, ಹುಣಸೆ, ಕಡೆಗೆ ನಮ್ಮ ಎಳೆಯ ಸೌತೆಕಾಯಿ ಕೂಡ ಅಲ್ಲಿ ಮೆಣಸಿನೊಡನೆ ಹೆಪ್ಪುಗಟ್ಟಿ ಕಡ್ಡಿಯೇರುತ್ತವೆ. ಈ ಕಸುಬಿನ ತವರೂರೆಂದು ಪ್ರಸಿದ್ಧವಾದದ್ದು ಮಿಚೋಆಕಾನ್ ರಾಜ್ಯದ ತೊಕುಂಬೊ ಎಂಬ ಸಣ್ಣ ಊರು; ಅದರ ಹೆಬ್ಬಾಗಿಲಲ್ಲಿ ಪ್ರವಾಸಿಯನ್ನು ಎದುರುಗೊಳ್ಳುವುದು ಒಂದು ಬೃಹತ್ತಾದ ಪಲೇತಾದ ಸ್ಮಾರಕ. 1940ರ ದಶಕದಿಂದ ಈಚೆಗೆ ಆ ಸೀಮೆಯವರು ಮೆಕ್ಸಿಕೋ ನಗರಕ್ಕೂ ಅನಂತರ ದೇಶದ ಮೂಲೆಮೂಲೆಗೂ ಹೋಗಿ, ನೆಂಟರಿಷ್ಟರನ್ನು ಕರೆಸಿಕೊಂಡು, ಕಸುಬು ಕಲಿಸಿ, ಅಂಗಡಿಗಳನ್ನು ತೆರೆದರು. ಉಡುಪಿ ಹೋಟೆಲೆಂಬ ಹೆಸರು ಯಾವ ಒಬ್ಬ ಧಣಿಯ ಸೊತ್ತೂ ಆಗದೆ ಊರೂರಿನಲ್ಲಿ ಹೇಗೆ ಬೇರುಬಿಟ್ಟಿತೋ ಹಾಗೆಯೇ ‘ಲಾ ಮಿಚೋಆಕಾನಾ’ ಎಂಬ ಫಲಕವೂ ಅಲ್ಲಿ ಸಾವಿರಾರು ಅಂಗಡಿಗಳ ಮೇಲೆ, ಪರಸ್ಪರ ಸಂಬಂಧವಿಲ್ಲದ ಮಾಲೀಕರ ಕೈಯಲ್ಲಿ, ಇಂದಿಗೂ ತೂಗಾಡುತ್ತಿದೆ.

ಈ ತಿನಿಸಿನಲ್ಲಿ ಕನ್ನಡಿಗರಿಗೆ ಆತ್ಮೀಯವೆನಿಸುವ ಸಂಗತಿಯೊಂದುಂಟು. ಅದರೊಳಗಿನ ಮಾವು ನಮ್ಮ ಕಡೆಯದು. ನಮ್ಮ ಅಡಿಗೆಮನೆಯ ಮೆಣಸಿನಕಾಯಿ ಅವರ ಕಡೆಯದು. ಮೆಕ್ಸಿಕೋದ ನೆಲದಲ್ಲಿ ಸಹಸ್ರಾರು ವರ್ಷಗಳ ಹಿಂದೆಯೇ ಕೃಷಿಗೆ ಒಳಗಾದ ಮೆಣಸಿನಕಾಯಿಯು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳನ್ನೇರಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಅದಕ್ಕೆ ಮುನ್ನ ಈ ನಾಡಿನ ಖಾರವೆಲ್ಲ ಕಾಳುಮೆಣಸು, ಹಿಪ್ಪಲಿ, ಶುಂಠಿಗಳದೇ ಆಗಿತ್ತು. ಮಾವಾದರೋ ಭಾರತದಿಂದ ಆಗ್ನೇಯ ಏಷ್ಯಕ್ಕೂ ಅಲ್ಲಿಂದ ಫಿಲಿಪೈನ್ಸ್ ದ್ವೀಪಗಳಿಗೂ ಸಾಗಿ, 1565ರಿಂದ 1815ರವರೆಗೆ ಮನಿಲಾ ನಗರಕ್ಕೂ ಮೆಕ್ಸಿಕೋದ ಅಕಪುಲ್ಕೊ ಬಂದರಿಗೂ ನಡುವೆ ಸಂಚರಿಸುತ್ತಿದ್ದ ಸ್ಪೇನಿನ ಹಡಗುಗಳ ಮಾರ್ಗವಾಗಿ ಆ ದೇಶವನ್ನು ಮುಟ್ಟಿತು. ಅಲ್ಲಿಯ ಪ್ರಸಿದ್ಧ ತಳಿಯೊಂದಕ್ಕೆ ಇಂದಿಗೂ ಮನಿಲಾ ಎಂದೇ ಹೆಸರು. ಎರಡೂ ಹೊರಟದ್ದು ಪೂರ್ವಾಭಿಮುಖವಾಗಿಯೇ: ಒಂದು ಅಟ್ಲಾಂಟಿಕ್ ಸಾಗರವನ್ನು ದಾಟಿ ಆಫ್ರಿಕವನ್ನು ಬಳಸಿ ಬಂದಿತು, ಇನ್ನೊಂದು ಶಾಂತ ಮಹಾಸಾಗರವನ್ನು ದಾಟಿ ಹೋಯಿತು. ಎರಡರ ಪಯಣವನ್ನೂ ಕೂಡಿಸಿದರೆ ಭೂಮಂಡಲದ ಒಂದು ಪ್ರದಕ್ಷಿಣೆಯೇ ಆಗುತ್ತದೆ.

ಇನ್ನು ರುಚಿಯ ವಿಚಾರ. ಶೈತ್ಯವು ನಾಲಿಗೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಅದರಲ್ಲಿಯೂ ಸಿಹಿಯ ಗ್ರಹಣಕ್ಕೆ ಅದರಿಂದ ಒದಗುವ ಹಾನಿ ವಿಶೇಷವಾದದ್ದು. ಸಿಹಿಯ ಸುದ್ದಿಯನ್ನು ಒಯ್ಯುವ ರುಚಿಕಣಗಳೊಳಗಿನ ಒಂದು ಸೂಕ್ಷ್ಮ ದ್ವಾರವು ಉಷ್ಣತೆ ಏರಿದಂತೆ ಹೆಚ್ಚು ತೆರೆದು, ತಣ್ಣಗಾದಂತೆ ಮಂದವಾಗುವುದೇ ಇದಕ್ಕೆ ಕಾರಣ. ಕರಗಿದ ಐಸ್‌ಕ್ರೀಮು ಅತಿಸಿಹಿಯಾಗಿ ತೋರುವುದು ಇದೇ ನಿಮಿತ್ತದಿಂದ. ಹೀಗೆ ಮಂಕಾದ ಸಿಹಿಯನ್ನು ಸರಿಪಡಿಸಲು ಸಾಮಾನ್ಯ ವರ್ತಕನು ಇನ್ನಷ್ಟು ಸಕ್ಕರೆ ಸುರಿಯುತ್ತಾನೆ. ಬಲ್ಲವನು ನಿಂಬೆಯ ಹುಳಿ, ಚಿಟಿಕೆ ಉಪ್ಪು, ಮೆಣಸಿನ ಖಾರಗಳನ್ನು ಕರೆತರುತ್ತಾನೆ. ಹುಳಿಯು ಹಣ್ಣಿನ ಚೈತನ್ಯವನ್ನು ಎಚ್ಚರಿಸುತ್ತದೆ. ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಎತ್ತಿಹಿಡಿಯುತ್ತದೆ.

ಖಾರವಾದರೋ ನಿಜವಾಗಿ ರುಚಿಯ ವರ್ಗಕ್ಕೆ ಸೇರಿದುದೇ ಅಲ್ಲ, ಅದು ವೇದನೆಯ ಒಂದು ಸೌಮ್ಯ ರೂಪ. ಮೆಣಸಿನಕಾಯಿಯ ಸತ್ತ್ವವಾದ ಕ್ಯಾಪ್ಸೈಸಿನ್ ಎಂಬ ವಸ್ತುವು, ಸುಮಾರು 43 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಣ ಸುಡುಬಿಸಿಯನ್ನು ಗುರುತಿಸುವ ನರಗ್ರಾಹಕವನ್ನೇ ತಟ್ಟಿ, ಬಾಯಿ ಸುಡುತ್ತಿದೆಯೆಂಬ ಮಿಥ್ಯಾಸಂದೇಶವನ್ನು ಮೆದುಳಿಗೆ ಕಳಿಸುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದವರು ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿಗಳು. ತಂಪನ್ನು ಗುರುತಿಸುವ ಗ್ರಾಹಕವು ಬೇರೆಯೇ ಒಂದು. ಪುದೀನದ ಮೆಂಥಾಲಿಗೂ ಓಗೊಡುವ ಅದನ್ನು 2002ರಲ್ಲಿ ಜೂಲಿಯಸ್ಸರೂ ಆರ್ಡೆಮ್ ಪಟಪೂಟಿಯನ್ನರೂ ಪ್ರತ್ಯೇಕವಾಗಿ ಕಂಡುಹಿಡಿದರು. ಉಷ್ಣ ಸ್ಪರ್ಶಗಳ ಗ್ರಾಹಕಗಳನ್ನು ಶೋಧಿಸಿದುದಕ್ಕಾಗಿ 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಈ ಇಬ್ಬರಿಗೆ ಸಂದಿತು. ಖಾರದ ಐಸ್ ಕ್ಯಾಂಡಿಯು ಬಾಯೊಳಗೆ ಈ ಎರಡು ಬಾಗಿಲುಗಳನ್ನೂ ತಟ್ಟುತ್ತದೆ, ಆದರೆ ಏಕಕಾಲಕ್ಕೆ ಸಮಬಲದಿಂದ ತಟ್ಟುವುದಿಲ್ಲ. ಬಾಯಿ ತಣ್ಣಗಿರುವ ತನಕ ಖಾರದ ಉರಿ ತಗ್ಗಿರುತ್ತದೆ. ಮಂಜು ಕರಗಿ ನಾಲಿಗೆ ತನ್ನ ಸಹಜ ಉಷ್ಣತೆಗೆ ಮರಳುತ್ತಿರುವಂತೆ ಅದು ಮೆಲ್ಲಗೆ ಮೇಲೇಳುತ್ತದೆ. ಮೊದಲು ತಂಪು, ಆಮೇಲೆ ಹುಳಿಸಿಹಿ, ಕಡೆಗೆ ಖಾರ. ಆ ಖಾರವು ಮತ್ತೊಂದು ತುತ್ತನ್ನು ಬೇಡುತ್ತದೆ. ಈ ಕ್ರಮವೇ ತಿನಿಸಿನ ಸೊಗಸು; ತಯಾರಿಸುವವರ ಜಾಣತನವೆಲ್ಲ ಈ ಕ್ರಮ ಕೆಡದಂತೆ ನೋಡಿಕೊಳ್ಳುವುದರಲ್ಲಿದೆ.

ಮನೆಯಲ್ಲಿ ಇದನ್ನು ಮಾಡಿಕೊಳ್ಳುವುದು ಕಷ್ಟಸಾಧ್ಯವೇನೂ ಅಲ್ಲ. ಚೆನ್ನಾಗಿ ಕಳಿತ ಬಾದಾಮಿ ಅಥವಾ ರಸಪುರಿ ಮಾವಿನ ತಿರುಳು ಅರ್ಧ ಕಿಲೋ, ಸಕ್ಕರೆ 80 ಗ್ರಾಮ್, ನೀರು 150 ಮಿಲಿ, ಎರಡು ದೊಡ್ಡ ಚಮಚ ನಿಂಬೆರಸ, ಅರ್ಧ ಚಹಾಚಮಚ ಉಪ್ಪು, ಒಂದು ಚಹಾಚಮಚ ಬ್ಯಾಡಗಿ ಮೆಣಸಿನಪುಡಿ: ಇಷ್ಟರಿಂದ ಎಂಟು ಹತ್ತು ಕಡ್ಡಿಗಳಾಗುತ್ತವೆ. ಬ್ಯಾಡಗಿಯನ್ನೇ ಹೆಸರಿಸಿದುದಕ್ಕೆ ಕಾರಣವುಂಟು. ಹಾವೇರಿ ಜಿಲ್ಲೆಯ ಆ ಪೇಟೆಯ ಹೆಸರನ್ನು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸುಕ್ಕುಸುಕ್ಕಾದ ಈ ಮೆಣಸಿನಕಾಯಿಯಲ್ಲಿ ಬಣ್ಣವೂ ಪರಿಮಳವೂ ಹೇರಳ, ಉರಿ ಮಿತ. ಗುಂಟೂರಿನ ಖಾರವು ಹಣ್ಣಿನ ಮಾತು ಕೇಳಿಸದಂತೆ ತಾನೇ ಕೂಗುತ್ತದೆ. ಮೆಣಸಿನಕಾಯಿಗಳನ್ನು ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು, ಆರಿದ ಮೇಲೆ ಸೀಳಿ, ಬೀಜದೊಡನೆ ಒಳಗಣ ಬಿಳಿಯ ನಾರನ್ನೂ ತೆಗೆದು ನುಣ್ಣಗೆ ಪುಡಿಮಾಡಿಕೊಂಡರೆ ಇನ್ನೂ ಲೇಸು. ಖಾರದ ನೆಲೆ ಬೀಜವೆಂಬುದು ಲೋಕರೂಢಿಯಾದರೂ ಅದರ ಬಹುಭಾಗವು ಆ ಬಿಳಿಯ ನಾರಿನಲ್ಲಿಯೇ ಅಡಗಿರುತ್ತದೆ.

ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಕರಗಿಸಿ ಪೂರ್ಣವಾಗಿ ಆರಿಸಬೇಕು. ತಿರುಳು, ನಿಂಬೆರಸ, ಉಪ್ಪು, ಪಾಕಗಳನ್ನು ಕೂಡಿಸಿ ಮಿಕ್ಸಿಯಲ್ಲಿ ತಿರುವಿ ರುಚಿ ನೋಡಿದಾಗ ಸಿಹಿಯು ಒಂದಿಷ್ಟು ಮಿಗಿಲಾಗಿಯೇ ತೋರಬೇಕು. ಬೆಚ್ಚಗಿದ್ದಾಗ ಹಿತಮಿತವಾದದ್ದು ಹೆಪ್ಪುಗಟ್ಟಿದ ಮೇಲೆ ಸಪ್ಪೆಯೆನಿಸುವುದು ನಿಶ್ಚಯ. ಮೆಣಸಿನಪುಡಿಯ ಅರ್ಧಭಾಗವನ್ನು ಈ ಮಿಶ್ರಣಕ್ಕೆ ಬೆರೆಸಿ, ಉಳಿದರ್ಧವನ್ನು ತಿನ್ನುವ ಹೊತ್ತಿಗೆ ಉದುರಿಸಲು ಮೀಸಲಿಡತಕ್ಕದ್ದು. ಅಚ್ಚುಗಳಿಲ್ಲದವರು ಸಣ್ಣ ಸ್ಟೀಲು ಲೋಟಗಳನ್ನೇ ಬಳಸಬಹುದು. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುವುದರಿಂದ ಅಚ್ಚಿನ ಮೇಲ್ಗಡೆ ಅರ್ಧ ಬೆರಳಿನಷ್ಟು ಜಾಗ ಬಿಡಬೇಕು. ಒಂದು ಒಂದೂವರೆ ಗಂಟೆಯಲ್ಲಿ ಮಿಶ್ರಣವು ಗಟ್ಟಿಯಾಗತೊಡಗಿದಾಗ ಕಡ್ಡಿಗಳನ್ನು ನಾಟಿದರೆ ಅವು ನೆಟ್ಟಗೆ ನಿಲ್ಲುತ್ತವೆ; ಗಿಣಿಮೂತಿಯ ಸಣ್ಣ ಹೋಳುಗಳನ್ನು ಸೇರಿಸುವುದಾದರೂ ಆ ಹೊತ್ತೇ ಸರಿ, ಏಕೆಂದರೆ ಮೊದಲೇ ಹಾಕಿದವು ತಳ ಸೇರುತ್ತವೆ. ಆಮೇಲೆ ಆರು ಗಂಟೆಗಳ ಕಾಲ ಫ್ರೀಜರಿನ ಬಾಗಿಲನ್ನು ಪದೇ ಪದೇ ತೆರೆಯದೆ ಬಿಟ್ಟು, ಅಚ್ಚನ್ನು ಒಂದು ಕ್ಷಣ ಉಗುರುಬಿಸಿ ನೀರಿಗೆ ಒಡ್ಡಿದರೆ ಕಡ್ಡಿ ಸಲೀಸಾಗಿ ಹೊರಬರುತ್ತದೆ.

ಇಲ್ಲಿ ಅಳತೆ ಏಕೆ ತಪ್ಪಬಾರದೆಂಬುದನ್ನೂ ತಿಳಿದಿರಬೇಕು. ನೀರಿನಲ್ಲಿ ಕರಗಿದ ಪ್ರತಿಯೊಂದು ವಸ್ತುವೂ ಅದು ಹೆಪ್ಪುಗಟ್ಟುವ ಉಷ್ಣತೆಯನ್ನು ಕೆಳಗಿಳಿಸುತ್ತದೆ. ಒಂದು ಕಿಲೋ ನೀರಿಗೆ 342 ಗ್ರಾಮ್ ಸಕ್ಕರೆ ಬೆರೆತರೆ ಆ ಇಳಿತ ಸುಮಾರು 1.86 ಡಿಗ್ರಿ, ತೂಕಕ್ಕೆ ತೂಕ ಹಿಡಿದರೆ ಅಡಿಗೆಯ ಉಪ್ಪಿನ ಪ್ರಭಾವ ಅದರ ಹತ್ತು ಪಟ್ಟಿಗೂ ಮೀರಿದ್ದು. ಸಕ್ಕರೆ ಕಡಿಮೆಯಾದರೆ ಹಲ್ಲಿಗೆ ಜಗ್ಗದ ಕಲ್ಲು, ಹೆಚ್ಚಾದರೆ ಕಡ್ಡಿಯಿಂದ ಜಾರುವ ಕೆಸರು. ಒಟ್ಟು ಮಿಶ್ರಣದಲ್ಲಿ, ಹಣ್ಣಿನ ಸಕ್ಕರೆಯೂ ಸೇರಿ, ಐದರಲ್ಲೊಂದು ಪಾಲು ಸಕ್ಕರೆಯಿದ್ದರೆ ಕಚ್ಚಲು ಹಿತವಾದ ಹದ ದೊರೆಯುತ್ತದೆ. ತಿರುಳು ಮಂದವಾದ ಮಾವು ಸೀಬೆಗಳಲ್ಲಿ ಮಂಜಿನ ಹರಳುಗಳು ಸಣ್ಣವಾಗಿಯೇ ಉಳಿದು ಮೈ ನುಣುಪಾಗುತ್ತದೆ. ಶೇಕಡ 90ಕ್ಕೂ ಮಿಗಿಲಾಗಿ ನೀರೇ ಆದ ಕಲ್ಲಂಗಡಿಯಲ್ಲಿ ಅವು ದಪ್ಪವಾಗಿ ಬೆಳೆಯುತ್ತವೆ, ಆದ್ದರಿಂದ ಅದಕ್ಕೆ ಪಾಕ ಒಂದಿಷ್ಟು ಹೆಚ್ಚೇ ಬೇಕು.

ಈ ತತ್ತ್ವ ಕೈವಶವಾದ ಮೇಲೆ ಹಣ್ಣುಗಳ ಆಯ್ಕೆ ನಿಮ್ಮ ಇಷ್ಟ. ಸೀಬೆಯನ್ನು ಬೇಯಿಸಿ ಬೀಜ ಸೋಸಿ, ಸೈಂಧವ ಲವಣ, ಹುರಿದ ಜೀರಿಗೆಯ ಪುಡಿ, ಖಾರಗಳನ್ನು ಕೂಡಿಸಬಹುದು. ಕರಾವಳಿಯವರು ಪುನರ್ಪುಳಿಯ ರಸಕ್ಕೆ ಬೆಲ್ಲವನ್ನೂ ಹಸಿಮೆಣಸನ್ನೂ ಸೇರಿಸಿ ನೋಡಬಹುದು. ಅನಾನಸಿಗೆ ಮಾತ್ರ ಒಂದು ಎಚ್ಚರ: ಹಸಿಯ ಅನಾನಸಿನಲ್ಲಿರುವ ಕಿಣ್ವವು ಹಾಲು ಮೊಸರುಗಳೊಡನೆ ಸೇರಿದರೆ ಅವುಗಳ ಸಸಾರಜನಕವನ್ನು ಒಡೆದು ಕಹಿ ಬರಿಸುತ್ತದೆ, ಹೋಳುಗಳನ್ನು ಪಾಕದಲ್ಲಿ ಒಂದು ಕುದಿ ಬರಿಸಿಕೊಂಡರೆ ಆ ಭಯವಿಲ್ಲ. ಖಾರ ಒಲ್ಲದ ಮಕ್ಕಳಿಗಾಗಿ ಮಾವಿನ ಮಿಶ್ರಣಕ್ಕೆ ಗಟ್ಟಿಮೊಸರು ಬೆರೆಸುವುದೂ ಯುಕ್ತವೇ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಕರಗುವುದು ಸುಲಭ. ಬಾಯಿ ಉರಿದಾಗ ನೀರು ನಿಷ್ಪ್ರಯೋಜಕವಾಗಿ ಹಾಲು ಮೊಸರುಗಳು ಗುಣಕಾರಿಯಾಗುವ ಕಾರಣಗಳಲ್ಲಿ ಇದೂ ಒಂದು.

ಕಡ್ಡಿಯ ಗೊಡವೆಯೇ ಬೇಡವೆನ್ನುವವರಿಗೆ ಮೆಕ್ಸಿಕೋದಲ್ಲಿ ಮಾಂಗೊನಾದಾ ಎಂಬ ಲೋಟದ ತಿನಿಸು ಉಂಟು. ಹೆಪ್ಪುಗಟ್ಟಿದ ಮಾವನ್ನು ತರಿತರಿಯಾಗಿ ಅರೆದು, ಲೋಟದ ಒಳಮೈಗೆ ಚಮೋಯ್ ಎಂಬ ಉಪ್ಪುಹುಳಿಸಿಹಿಖಾರದ ಗೊಜ್ಜನ್ನು ಸವರಿ, ಪದರ ಪದರವಾಗಿ ತುಂಬಿ, ಮೇಲೆ ಮಾವಿನ ಹೋಳು, ನಿಂಬೆರಸ, ಮೆಣಸಿನಪುಡಿಗಳನ್ನು ಹಾಕಿ, ಹುಣಸೆಯ ಮಿಠಾಯಿ ಮೆತ್ತಿದ ಕೊಳವೆಯೊಂದನ್ನು ಸಿಕ್ಕಿಸಿ ಕೊಡುತ್ತಾರೆ. ಉಪ್ಪೂರಿದ ಜರದಾಳು ಮುಂತಾದ ಹಣ್ಣುಗಳಿಂದ ಚಮೋಯ್ ಮಾಡುವುದು ಅಲ್ಲಿಯ ಪದ್ಧತಿ. ಒಣ ಜರದಾಳುವನ್ನು ನೆನೆಸಿ ಬೇಯಿಸಿ, ಹುಣಸೆರಸ, ಬೆಲ್ಲ, ಉಪ್ಪು, ಖಾರದಪುಡಿಗಳೊಡನೆ ಅರೆದರೆ ಅದಕ್ಕೆ ಬಹು ಸಮೀಪವಾದ ಗೊಜ್ಜು ನಮ್ಮಲ್ಲಿಯೂ ಸಿದ್ಧವಾಗುತ್ತದೆ.

ಈ ತಿನಿಸಿನಿಂದ ದೇಹದ ತಾಪವೆಲ್ಲ ಇಳಿದೀತೆಂದು ನಂಬುವುದು ಮಾತ್ರ ಅತ್ಯಾಶೆ. 100 ಗ್ರಾಮ್ ಮಂಜುಗಡ್ಡೆ ಕರಗಿ ದೇಹದ ಉಷ್ಣತೆಗೆ ಬರುವಷ್ಟರಲ್ಲಿ ಹೀರಿಕೊಳ್ಳುವ ಶಾಖ ಸುಮಾರು 12 ಕಿಲೋಕ್ಯಾಲೊರಿ. ಅಂಥದೊಂದು ಕಡ್ಡಿಯೊಳಗಿನ 20 ಗ್ರಾಮ್ ಸಕ್ಕರೆ ದೇಹಕ್ಕೆ ಕೊಡುವುದು ಸುಮಾರು 80. ಮೆಣಸು ಹಣೆಯ ಮೇಲೆ ಬರಿಸುವ ಬೆವರು ಆರುವಾಗ ಒಂದಿಷ್ಟು ತಂಪಾಗುವುದು ನಿಜ. ಆದರೂ ಲಾಭವೆಲ್ಲ ಬಾಯಿಗೆ, ಮನಸ್ಸಿಗೆ. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಬಹುಪಾಲು ರೋಗಾಣುಗಳು ಸಾಯುವುದಿಲ್ಲವಾದ್ದರಿಂದ ಕುದಿಸಿ ಆರಿಸಿದ ನೀರನ್ನೇ ಬಳಸುವುದು ವಿಹಿತ. ಹೊಟ್ಟೆಯುರಿ, ಹುಳಿತೇಗುಗಳ ಬಾಧೆಯುಳ್ಳವರು ಮೆಣಸಿನಿಂದ ದೂರವಿರುವುದು ಲೇಸು. ಉಳಿದವರು ಮೊದಲ ಸಲ ಪುಡಿಯನ್ನು ಹೇಳಿದುದರ ಅರ್ಧದಷ್ಟೇ ಹಾಕಿ, ಒಂದು ಕಡ್ಡಿಯನ್ನು ಪೂರ್ತಿ ತಿಂದು ಮುಗಿಸಿದ ಮೇಲೆ ನಿರ್ಣಯಿಸಲಿ. ಮೊದಲ ತುತ್ತಿಗೇ ಖಾರ ಗೊತ್ತಾದರೆ ಅದು ಹೆಚ್ಚಾಯಿತೆಂದು ಅರ್ಥ. ಕಡೆಯ ತುತ್ತಿನವರೆಗೂ ಗೊತ್ತಾಗದಿದ್ದರೆ ಮುಂದಿನ ಸಲ ಇನ್ನೊಂದು ಚಿಟಿಕೆ ಧೈರ್ಯವಾಗಿ ಸೇರಿಸಬಹುದು.